ಹೆಸರು ಕೇಳಿರದ ಫೋನು, ಟ್ಯಾಬುಗಳಿಗೆ ರಿಕವರಿ ಮತ್ತು ರಾಮ್: ಪದೇ ಪದೇ ಕೇಳುವ ಪ್ರಶ್ನೆಗಳು

ರಾಯಚೂರಿನ ಸ್ಟೇಷನ್ ರೋಡ್ ಕಡೆ ನನ್ನದೊಂದು ಸಣ್ಣ ಮೊಬೈಲ್ ರಿಪೇರಿ ಅಂಗಡಿ. ಇಬ್ಬರು ಗಿರಾಕಿ ನಿಂತರೆ ಮೂರನೆಯವರು ರಸ್ತೆಯಲ್ಲಿ ನಿಲ್ಲಬೇಕು. ಮಾನ್ವಿ, ದೇವದುರ್ಗ, ಸಿಂಧನೂರು ಕಡೆಯಿಂದ ಬಸ್ಸಿಳಿದು ಬರುವವರು ಕರವಸ್ತ್ರದಲ್ಲಿ ಸುತ್ತಿ ತರುವ ಸಾಮಾನಿನಲ್ಲಿ ಅರ್ಧಕ್ಕರ್ಧ ದೊಡ್ಡ ಕಂಪನಿಯದ್ದಲ್ಲ. ಈಗ ಅಂಗಡಿಯಲ್ಲೇ ಸಿಗದ ಹಳೆಯ ಬ್ರ್ಯಾಂಡುಗಳು, ಆನ್‌ಲೈನ್ ಕ್ಲಾಸಿಗೆಂದು ಅವಸರದಲ್ಲಿ ಕೊಂಡ ಏಳು ಇಂಚಿನ ಟ್ಯಾಬುಗಳು, ಹಿಂದೆ ಏನೂ ಬರೆದಿರದ ಚೀನಾ ಸೆಟ್ಟುಗಳು. ಇವುಗಳ ಬಗ್ಗೆ ಹುಡುಗರು ಕೇಳುವ ಪ್ರಶ್ನೆಗಳಿಗೆ ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿ, ಒಮ್ಮೆ ಬರೆದೇ ಬಿಡೋಣ ಅಂತ ಕೂತೆ.

ಒಂದು ಮಾತು ಮೊದಲೇ. ಕಮಾಂಡುಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ. ಕಂಪ್ಯೂಟರಿನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಬೇಕು.

ರಿಕವರಿ ಅಂದರೆ ಏನು? ರಾಮ್ ಅಂದರೆ ಏನು?

ಆಂಡ್ರಾಯ್ಡ್ ಏಳದಿದ್ದರೂ ತಾನು ಏಳುವ ಇನ್ನೊಂದು ಪುಟ್ಟ ಸಾಫ್ಟ್‌ವೇರ್ ಫೋನಿನೊಳಗೆ ಇರುತ್ತದೆ. ಅದು ರಿಕವರಿ. ಕಂಪನಿ ಕೊಟ್ಟ ರಿಕವರಿಗೆ ಬರುವುದು ಎರಡು ಮೂರು ಕೆಲಸ ಮಾತ್ರ. ಫ್ಯಾಕ್ಟರಿ ರೀಸೆಟ್ ಮಾಡುತ್ತದೆ, ಕಂಪನಿಯ ಡಿಜಿಟಲ್ ಸಹಿ ಇರುವ ಅಪ್‌ಡೇಟ್ ಹಾಕುತ್ತದೆ, ಅಷ್ಟೇ. ಕಸ್ಟಮ್ ರಿಕವರಿ, ಅಂದರೆ ಕಂಪನಿ ಬಿಟ್ಟು ಹೊರಗಿನವರು ಮಾಡಿದ್ದು, ಅದಕ್ಕೆ ಆ ಸಹಿ ಬೇಕಿಲ್ಲ. ನೀವು ಕೊಟ್ಟ ಜಿಪ್ ಫೈಲ್ ಹಾಕುತ್ತದೆ, ಇಡೀ ಫೋನಿನ ಬ್ಯಾಕಪ್ ತೆಗೆಯುತ್ತದೆ, ಬೇಕಾದ ಭಾಗವನ್ನಷ್ಟೇ ಅಳಿಸುತ್ತದೆ. ಹೆಚ್ಚು ಜನ ಬಳಸುವುದು ಟಿಡಬ್ಲ್ಯೂಆರ್‌ಪಿ. ಅದರ ಮೇಲೇ ಕಟ್ಟಿದ್ದು ಆರೆಂಜ್‌ಫಾಕ್ಸ್. ನನ್ನಂಥ ಹಳಬರು ಕ್ಲಾಕ್‌ವರ್ಕ್‌ಮಾಡ್ ಕಾಲದವರು. ಅದರಲ್ಲಿ ಮೊದಮೊದಲು ಟಚ್ ಇರಲಿಲ್ಲ, ವಾಲ್ಯೂಮ್ ಬಟನ್ ಒತ್ತಿ ಒತ್ತಿ ಹೆಬ್ಬೆರಳು ನೋಯುತ್ತಿತ್ತು.

ರಾಮ್ (ROM) ಅಂದರೆ ಫೋನಿನ ಇಡೀ ಸಾಫ್ಟ್‌ವೇರ್. ನಮ್ಮ ಅಂಗಡಿ ಭಾಷೆಯಲ್ಲಿ ‘ಸಾಫ್ಟ್‌ವೇರ್ ಹೊಡೆಯೋದು’ (ಫ್ಲ್ಯಾಷ್ ಮಾಡುವುದು) ಅಂದರೆ ಅದನ್ನು ತೆಗೆದು ಮತ್ತೆ ಹಾಕುವುದು. ನಾಲ್ಕು ಜಿಬಿ, ಆರು ಜಿಬಿ ಅಂತ ಹೇಳುವ ರ‍್ಯಾಮ್ ಬೇರೆ. ಇವೆರಡರ ಗೊಂದಲದಲ್ಲಿ ಒಬ್ಬರು ‘ಇದಕ್ಕ ಇನ್ನೊಂದು ಎರಡು ಜಿಬಿ ರಾಮ್ ಹಾಕ್ರಿ’ ಅಂತ ಸಿಟ್ಟಿನಿಂದ ಜಗಳವಾಡಿದ್ದೂ ಉಂಟು. ಕಸ್ಟಮ್ ರಾಮ್‌ಗಳಲ್ಲಿ ಮೊದಲು ಎಲ್ಲರ ಬಾಯಲ್ಲಿದ್ದದ್ದು ಸಯನೋಜನ್‌ಮಾಡ್. 2016ರ ಡಿಸೆಂಬರಿನಲ್ಲಿ ಅದು ನಿಂತಿತು. ಅದೇ ಕೋಡನ್ನು ಮುಂದುವರಿಸಿದ್ದು ಲಿನಿಯೇಜ್ ಓಎಸ್.

ನಾನು ಇದನ್ನು ಮಾಡಿಸಲೇಬೇಕಾ?

ಹತ್ತರಲ್ಲಿ ಏಳು ಜನರಿಗೆ ನಾನು ಬೇಡ ಅನ್ನುತ್ತೇನೆ. ಫೋನ್ ನಿಧಾನವಾಗಿದೆ ಅಂತ ಬಂದವರದ್ದು ನೋಡಿದರೆ ಮೆಮೊರಿ ಪೂರ್ತಿ ತುಂಬಿರುತ್ತದೆ. ವಾಟ್ಸಾಪ್ ಗುಡ್ ಮಾರ್ನಿಂಗ್ ಫೋಟೋ ಅಳಿಸಿದರೆ ಮುಗಿಯಿತು. ಒಂದು ಜಿಬಿ ರ‍್ಯಾಮ್ ಇರುವ ಫೋನಿಗೆ ಹೊಸ ಆಂಡ್ರಾಯ್ಡ್ ಹಾಕಿದರೆ ಅದು ಇನ್ನೂ ನಿಧಾನವಾಗುತ್ತದೆ. ಮುದಿ ಎತ್ತಿಗೆ ಹೊಸ ನೊಗ ಕಟ್ಟಿದರೆ ವಯಸ್ಸು ಕಡಿಮೆ ಆಗುತ್ತಾ?

ಮಾಡಿಸಬಹುದಾದ ಸಂದರ್ಭಗಳೂ ಇವೆ. ಕಡಿಮೆ ಬೆಲೆಯ ಕೆಲವು ಟ್ಯಾಬುಗಳಲ್ಲಿ ಜಾಹೀರಾತು ತೋರಿಸುವ ಆ್ಯಪ್ ಸಿಸ್ಟಮ್ ಒಳಗೇ ಕೂತಿರುತ್ತದೆ. ರೀಸೆಟ್ ಮಾಡಿದರೂ ಹೋಗುವುದಿಲ್ಲ. ಅಂಥದಕ್ಕೆ ರಾಮ್ ಬದಲಿಸುವುದೇ ಮದ್ದು. ಕಂಪನಿ ಅಪ್‌ಡೇಟ್ ನಿಲ್ಲಿಸಿ ವರ್ಷಗಳಾಗಿ ಬೇಕಾದ ಆ್ಯಪ್ ಹಾಕಲು ಬರುತ್ತಿಲ್ಲ ಅಂದರೂ ಸರಿ. ಇನ್ನು, ಎರಡನೇ ಫೋನ್ ಇದೆ, ಕಲಿಯಬೇಕೆಂಬ ಹುಚ್ಚಿದೆ ಅಂದರೆ ಧಾರಾಳವಾಗಿ ಮಾಡಿ. ಇರುವ ಒಂದೇ ಫೋನಿನ ಮೇಲೆ ಮಾತ್ರ ಕಲಿಯಬೇಡಿ.

ನನ್ನ ಫೋನಿಗೆ ರಾಮ್ ಯಾಕೆ ಸಿಗುತ್ತಿಲ್ಲ? ಗೆಳೆಯನ ಫೋನಿಗೆ ಹತ್ತು ಇವೆಯಲ್ಲ?

ಗೆಳೆಯನ ಫೋನನ್ನು ಲಕ್ಷಗಟ್ಟಲೆ ಜನ ಕೊಂಡಿದ್ದಾರೆ. ಅವರಲ್ಲಿ ನಾಲ್ಕು ಜನ ಪ್ರೋಗ್ರಾಮರ್‌ಗಳಾದರೂ ಇರುತ್ತಾರೆ. ಇದು ಒಂದು ಕಾರಣ. ಇನ್ನೊಂದು, ಕರ್ನಲ್. ಆಂಡ್ರಾಯ್ಡಿನ ಬುಡದಲ್ಲಿರುವುದು ಲಿನಕ್ಸ್ ಕರ್ನಲ್. ಅದರ ಜಿಪಿಎಲ್ ಪರವಾನಗಿ ಪ್ರಕಾರ ಫೋನ್ ಮಾರಿದವರು ತಾವು ಬಳಸಿದ ಕರ್ನಲ್ ಸೋರ್ಸನ್ನು, ಅಂದರೆ ಅದರ ಮೂಲ ಕೋಡನ್ನು, ಕೇಳಿದವರಿಗೆ ಕೊಡಬೇಕು. ಸಣ್ಣ ಬ್ರ್ಯಾಂಡಿನವರು ಬಹಳ ಮಂದಿ ಕೊಡುವುದೇ ಇಲ್ಲ. ಫೋನನ್ನು ಅವರು ಮಾಡಿರುವುದೂ ಇಲ್ಲ, ಚೀನಾದ ಇನ್ನೊಬ್ಬರು ಮಾಡಿದ್ದಕ್ಕೆ ತಮ್ಮ ಹೆಸರು ಒತ್ತಿರುತ್ತಾರೆ. ಸೋರ್ಸ್ ಇಲ್ಲದೆ ರಾಮ್ ಮಾಡುವುದು ಬೀಗದ ಕೈ ಇಲ್ಲದೆ ಮನೆ ಹೊಕ್ಕ ಹಾಗೆ. ಕಿಟಕಿಯಿಂದ ಹೋಗಬಹುದು, ಆದರೆ ಸಾಮಾನು ಸಾಗಿಸಲು ಆಗುವುದಿಲ್ಲ.

ಸೋರ್ಸ್ ಸಿಕ್ಕರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. 2014ರ ಸೆಪ್ಟೆಂಬರಿನಲ್ಲಿ ಗೂಗಲ್ ಆಂಡ್ರಾಯ್ಡ್ ಒನ್ ಅಂತ ಶುರು ಮಾಡಿತು. ಮೈಕ್ರೋಮ್ಯಾಕ್ಸ್ ಕ್ಯಾನ್ವಾಸ್ ಎ1, ಕಾರ್ಬನ್ ಸ್ಪಾರ್ಕಲ್ ವಿ, ಸ್ಪೈಸ್ ಡ್ರೀಮ್ ಯುನೋ. ಮೂರರ ಹೊಟ್ಟೆಯಲ್ಲೂ ಒಂದೇ ಮೀಡಿಯಾಟೆಕ್ ಚಿಪ್, ಎಂಟಿ 6582. ಸೋರ್ಸ್ ಹೊರಗೆ ಬಂತು, ಹುಡುಗರು ರಾಮ್ ಮೇಲೆ ರಾಮ್ ಮಾಡಿದರು. 2014ರ ಕೊನೆಗೆ ಬಿಡುಗಡೆಯಾದ ಯು ಯುರೇಕಾ ಕೂಡ ಹಾಗೆಯೇ, ಅದು ಬಂದದ್ದೇ ಸಯನೋಜನ್ ಹಾಕಿಕೊಂಡು. ಅದೇ ಕಾಲದ, ಅದೇ ಬೆಲೆಯ ಬೇರೆ ಫೋನುಗಳಿಗೆ ಇವತ್ತಿಗೂ ಒಂದು ರಿಕವರಿ ಸಿಗುವುದಿಲ್ಲ.

ಮಾಡೆಲ್ ಹೆಸರು ಒಂದೇ ಇದೆ. ಆ ಫೈಲ್ ಹಾಕಬಹುದಾ?

ಬೇಡ. ಈ ಬರಹದಲ್ಲಿ ಒಂದೇ ಉತ್ತರ ಓದುವವರಿದ್ದರೆ ಇದನ್ನು ಓದಿ.

ನನ್ನ ಭಾವನ ಹತ್ತಿರ ಒಂದು ಏಳು ಇಂಚಿನ ಟ್ಯಾಬ್ ಇತ್ತು. ಕಂಪನಿಯ ಹೆಸರು ಬೇಡ. ಲೋಗೋದಲ್ಲೇ ನಿಂತಿತ್ತು. ನಾನು ಆಗ ಹೊಸಬ. ಹಿಂದಿನ ಸ್ಟಿಕ್ಕರಿನಲ್ಲಿದ್ದ ಮಾಡೆಲ್ ನೋಡಿ, ಅದೇ ಹೆಸರಿನ ಫೈಲ್ ಹುಡುಕಿ ಹೊಡೆದೆ. ಟ್ಯಾಬ್ ಎದ್ದಿತು. ಭಾವ ಮಂಡಾಳ ಒಗ್ಗರಣಿ, ಮಿರ್ಚಿ ತರಿಸಿದರು. ತಿನ್ನುತ್ತಾ ನೋಡಿದರೆ, ಎಡಕ್ಕೆ ಮುಟ್ಟಿದರೆ ಬಲಕ್ಕೆ ತಗಲುತ್ತಿದೆ. ಮೇಲೆ ಎಳೆದರೆ ಕೆಳಗೆ ಹೋಗುತ್ತಿದೆ. ಮಿರ್ಚಿ ಗಂಟಲಲ್ಲೇ ನಿಂತಿತು.

ಆಗಿದ್ದು ಇಷ್ಟು. ಆ ಕಂಪನಿ ಒಂದೇ ಮಾಡೆಲ್ ಹೆಸರಿನಲ್ಲಿ ಎರಡು ಬಗೆಯ ಬೋರ್ಡ್ ಮಾರಿತ್ತು. ಮೊದಲ ಲಾಟಿನಲ್ಲಿ ಒಂದು ಟಚ್ ಪ್ಯಾನೆಲ್, ಮುಂದಿನ ಲಾಟಿನಲ್ಲಿ ಅಗ್ಗಕ್ಕೆ ಸಿಕ್ಕ ಇನ್ನೊಂದು. ಟಚ್ ಚಿಪ್ಪಿಗೆ ಬೇಕಾದ ಫರ್ಮ್‌ವೇರ್ ರಾಮ್ ಒಳಗೆ ಕೂತಿರುತ್ತದೆ, ಪ್ಯಾನೆಲ್ ಬದಲಾದರೆ ಅದೂ ಬದಲಾಗಬೇಕು. ನಾನು ಹಳೆಯದನ್ನು ತೆಗೆದಿಟ್ಟುಕೊಳ್ಳದೆ ಬೇರೆಯವರದ್ದನ್ನು ಹಾಕಿದ್ದೆ. ಸರಿಯಾದ ಫೈಲ್ ಸಿಗಲು ತಿಂಗಳು ಹಿಡಿಯಿತು. ಅಷ್ಟರಲ್ಲಿ ಭಾವನ ಎಂಟು ವರ್ಷದ ಮಗಳು ಉಲ್ಟಾ ಟಚ್ಚಿಗೆ ಒಗ್ಗಿಹೋಗಿದ್ದಳು. ಸರಿ ಮಾಡಿ ಕೊಟ್ಟ ದಿನ ‘ಮಾಮಾ, ಕೆಡಿಸಿಬಿಟ್ಟಿ’ ಅಂತ ಅತ್ತಳು.

ಟಚ್ ತಲೆಕೆಳಗಾದರೆ ಪುಣ್ಯ. ಪರದೆ ಬರೀ ಬಿಳಿಯಾಗಬಹುದು. ಪ್ರೀಲೋಡರ್ ಅನ್ನುವ ಬುಡದ ಭಾಗವೇ ಬೇರೆ ಬೋರ್ಡಿನದ್ದು ಹೋಗಿ ಕೂತರೆ ಫೋನ್ ಆನ್ ಆಗುವುದೇ ಇಲ್ಲ. ಅದಕ್ಕೆ ಸ್ಟಿಕ್ಕರ್ ನಂಬಬೇಡಿ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಪೂರ್ತಿ ಬರೆದುಕೊಳ್ಳಿ. ಹಿಂದಿನ ಮುಚ್ಚಳ ಬಿಚ್ಚಲು ಬಂದರೆ ಬೋರ್ಡ್ ಮೇಲೆ ಬಿಳಿ ಅಕ್ಷರದಲ್ಲಿ ಒಂದು ನಂಬರ್, ಪಕ್ಕದಲ್ಲಿ ವಿ 1.1, ವಿ 2.0 ಥರ ಇರುತ್ತದೆ. ಅದರ ಫೋಟೋ ತೆಗೆದಿಡಿ. ಫೈಲ್ ಹುಡುಕುವಾಗ ಅದೇ ನಿಜವಾದ ಹೆಸರು.

ಒಳಗೆ ಯಾವ ಚಿಪ್ ಇದೆ ಅಂತ ತಿಳಿಯುವುದು ಹೇಗೆ?

ಸಿಪಿಯು-ಝಡ್ ಥರದ ಆ್ಯಪ್ ಹಾಕಿ ನೋಡಬಹುದು. ಎಂಟಿ ಅಂತ ಶುರುವಾದರೆ ಮೀಡಿಯಾಟೆಕ್. ಎಸ್‌ಸಿ ಅಥವಾ ಯುಎಂಎಸ್ ಅಂತ ಇದ್ದರೆ ಸ್ಪ್ರೆಡ್‌ಟ್ರಮ್, ಈಗಿನ ಹೆಸರು ಯುನಿಸಾಕ್. ಆರ್‌ಕೆ ಅಂದರೆ ರಾಕ್‌ಚಿಪ್. ಹಳೆಯ ವೈಫೈ ಟ್ಯಾಬುಗಳಲ್ಲಿ ಆಲ್‌ವಿನ್ನರ್ ಕೂಡ ಸಿಗುತ್ತದೆ. ಹೆಸರಿಲ್ಲದ ಟ್ಯಾಬುಗಳು ಸುಳ್ಳೂ ಹೇಳುತ್ತವೆ. ಪರದೆಯಲ್ಲಿ ಆಂಡ್ರಾಯ್ಡ್ 10 ಅಂತ ತೋರಿಸುತ್ತವೆ, ಆವೃತ್ತಿಯ ಒಳಗಿನ ಲೆಕ್ಕವಾದ ಎಪಿಐ ಲೆವೆಲ್ ನೋಡಿದರೆ 23, ಅಂದರೆ ಆಂಡ್ರಾಯ್ಡ್ 6. ಎಪಿಐ ನಂಬರನ್ನೇ ನಂಬಿ.

ಚಿಪ್ ಗೊತ್ತಾದರೆ ಯಾವ ಟೂಲ್ ಅಂತ ಗೊತ್ತಾಗುತ್ತದೆ. ಮೀಡಿಯಾಟೆಕ್‌ಗೆ ಎಸ್‌ಪಿ ಫ್ಲ್ಯಾಷ್ ಟೂಲ್ ಮತ್ತು ಯಾವ ಭಾಗ ಎಲ್ಲಿದೆ ಅಂತ ಹೇಳುವ ಸ್ಕ್ಯಾಟರ್ ಫೈಲ್. ಯುನಿಸಾಕ್‌ಗೆ ರಿಸರ್ಚ್ ಡೌನ್‌ಲೋಡ್ ಟೂಲ್, ಫೈಲ್ ಪ್ಯಾಕ್ ರೂಪದಲ್ಲಿರುತ್ತದೆ. ಆಲ್‌ವಿನ್ನರ್‌ಗೆ ಫೀನಿಕ್ಸ್‌ಸೂಟ್. ಕ್ವಾಲ್‌ಕಾಮ್ ಆದರೆ 9008 ಅಂತ ಕಾಣುವ ಇಡಿಎಲ್ ಮೋಡ್, ಅದಕ್ಕೆ ಆ ಫೋನಿಗೆ ಹೊಂದುವ ಫೈರ್‌ಹೋಸ್ ಫೈಲ್ ಬೇಕು. ಸ್ಯಾಮ್‌ಸಂಗ್ ದಾರಿಯೇ ಬೇರೆ. ಕಂಪ್ಯೂಟರಿನಿಂದ ಕಮಾಂಡ್ ಕೊಟ್ಟು ಫೋನಿಗೆ ಬರೆಯುವ ಫಾಸ್ಟ್‌ಬೂಟ್ ಮೋಡ್ ಅದರಲ್ಲಿ ಇಲ್ಲ, ಓಡಿನ್ ಅನ್ನುವ ಟೂಲ್ ಬೇಕು.

ಬ್ಯಾಕಪ್ ಅಂದರೆ ಫೋಟೋ, ಕಾಂಟ್ಯಾಕ್ಟ್ ತೆಗೆದಿಟ್ಟರೆ ಸಾಕಲ್ವಾ?

ಸಾಲದು. ಫೋಟೋ, ಕಾಂಟ್ಯಾಕ್ಟ್ ನಿಮ್ಮದು. ಫೋನಿನದೇ ಆದ ಆಸ್ತಿ ಬೇರೆ ಇದೆ.

ಪ್ರತಿ ಫೋನಿನೊಳಗೂ ಆ ಒಂದು ಫೋನಿಗೆ ಮಾತ್ರ ಸೇರಿದ ಕೆಲವು ಸಣ್ಣ ಭಾಗಗಳಿರುತ್ತವೆ. ಐಎಂಇಐ ನಂಬರ್, ವೈಫೈ ವಿಳಾಸ, ಟವರ್ ಹಿಡಿಯುವ ಭಾಗಕ್ಕೆ ಕಾರ್ಖಾನೆಯಲ್ಲಿ ಮಾಡಿದ ಹೊಂದಾಣಿಕೆ, ಎಲ್ಲ ಅಲ್ಲಿರುತ್ತವೆ. ಮೀಡಿಯಾಟೆಕ್‌ನಲ್ಲಿ ಇವುಗಳ ಹೆಸರು ಎನ್‌ವಿರ‍್ಯಾಮ್, ಎನ್‌ವಿಡೇಟಾ, ಪ್ರೊಟೆಕ್ಟ್ 1, ಪ್ರೊಟೆಕ್ಟ್ 2, ಪ್ರೊಇನ್ಫೋ. ಕ್ವಾಲ್‌ಕಾಮ್‌ನಲ್ಲಿ ಮೋಡೆಮ್‌ಎಸ್‌ಟಿ 1, ಮೋಡೆಮ್‌ಎಸ್‌ಟಿ 2, ಎಫ್‌ಎಸ್‌ಜಿ, ಪರ್ಸಿಸ್ಟ್. ಸ್ಯಾಮ್‌ಸಂಗ್‌ನಲ್ಲಿ ಇಎಫ್‌ಎಸ್. ಇವು ಹೋದರೆ ಇಂಟರ್ನೆಟ್ಟಿನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಯಾಕೆಂದರೆ ಅವು ಜಗತ್ತಿನಲ್ಲಿ ಇದ್ದದ್ದು ಒಂದೇ ಕಡೆ, ನಿಮ್ಮ ಫೋನಿನಲ್ಲಿ.

ಹಾಗಾಗಿ ನನ್ನ ಟೇಬಲ್ಲಿಗೆ ಬಂದ ಸೆಟ್ಟಿಗೆ ಏನನ್ನೂ ಹಾಕುವ ಮೊದಲು ಪೂರ್ತಿ ಓದಿಕೊಳ್ಳುತ್ತೇನೆ. ಮೀಡಿಯಾಟೆಕ್ ಆದರೆ ಎಂಟಿಕೆಕ್ಲೈಂಟ್ ಅನ್ನುವ ಉಚಿತ ಟೂಲ್ ಇದೆ, ಪೈಥಾನ್‌ನಲ್ಲಿ ಓಡುತ್ತದೆ. ಫೋನ್ ಸ್ವಿಚ್ ಆಫ್ ಮಾಡಿ, ವಾಲ್ಯೂಮ್ ಬಟನ್ ಒತ್ತಿ ಹಿಡಿದು ಕೇಬಲ್ ಚುಚ್ಚಿದರೆ ಫೋನ್ ಬಿರಾಮ್ ಅನ್ನುವ, ಚಿಪ್ಪಿನೊಳಗಿನ ಬುಡದ ಮೋಡಿಗೆ ಹೋಗುತ್ತದೆ. ಬೂಟ್‌ಲೋಡರ್ (ಆಂಡ್ರಾಯ್ಡನ್ನು ಎಬ್ಬಿಸುವ ಮೊದಲ ಭಾಗ) ಅನ್‌ಲಾಕ್ ಆಗದಿದ್ದರೂ, ಹಳೆಯ ಚಿಪ್ ಆದರೆ, ಎಲ್ಲ ಭಾಗಗಳನ್ನೂ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದು. ಹೊಸ ಚಿಪ್‌ಗಳಲ್ಲಿ ಆ ಕಿಂಡಿ ಮುಚ್ಚಿದ್ದಾರೆ. ಎಸ್‌ಪಿ ಫ್ಲ್ಯಾಷ್ ಟೂಲಿನಲ್ಲೂ ರೀಡ್‌ಬ್ಯಾಕ್ ಅಂತ ಇದೆ. 16 ಜಿಬಿ ಸೆಟ್ಟಿಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ, ಚಹಾ ಕುಡಿದು ಬನ್ನಿ. ನಿಮ್ಮ ಫೋಟೋ, ಆ್ಯಪ್ ಇರುವ ಯೂಸರ್‌ಡೇಟಾ ಬಿಟ್ಟು ಉಳಿದದ್ದನ್ನು ಮಾತ್ರ ಓದಿದರೆ ಬೇಗ ಮುಗಿಯುತ್ತದೆ.

ಆ ಬ್ಯಾಕಪ್ಪನ್ನು ಅದೇ ಫೋನಿನ ಮೆಮೊರಿಯಲ್ಲಿ ಇಟ್ಟು ಆಮೇಲೆ ಫಾರ್ಮ್ಯಾಟ್ ಕೊಟ್ಟ ಬುದ್ಧಿವಂತರನ್ನೂ ಕಂಡಿದ್ದೇನೆ. ಪೆನ್‌ಡ್ರೈವಿಗೆ ಹಾಕಿ.

ಇನ್ನೊಂದು. ಎಸ್‌ಪಿ ಫ್ಲ್ಯಾಷ್ ಟೂಲಿನಲ್ಲಿ ಮೂರು ಆಯ್ಕೆ ಇರುತ್ತವೆ: ಡೌನ್‌ಲೋಡ್ ಓನ್ಲಿ, ಫರ್ಮ್‌ವೇರ್ ಅಪ್‌ಗ್ರೇಡ್, ಫಾರ್ಮ್ಯಾಟ್ ಆಲ್ ಪ್ಲಸ್ ಡೌನ್‌ಲೋಡ್. ಮೂರನೆಯದು ಎನ್‌ವಿರ‍್ಯಾಮ್ ಸಮೇತ ಗುಡಿಸಿ ಹಾಕುತ್ತದೆ. ನೆಟ್‌ವರ್ಕ್ ಇಲ್ಲ ಅಂತ ನನ್ನ ಹತ್ತಿರ ಬರುವ ಸೆಟ್ಟುಗಳಲ್ಲಿ ಹೆಚ್ಚಿನವು ಯಾರೋ ಆ ಮೂರನೆಯದನ್ನು ಒತ್ತಿದವೇ. ಡೌನ್‌ಲೋಡ್ ಓನ್ಲಿ ಬಿಟ್ಟು ಬೇರೆಡೆ ಕೈ ಹಾಕಬೇಡಿ. ಅದರಲ್ಲೂ ಪ್ರೀಲೋಡರ್ ಮುಂದಿನ ಟಿಕ್ ತೆಗೆದುಬಿಡಿ.

ಬೂಟ್‌ಲೋಡರ್ ಅನ್‌ಲಾಕ್ ಹೇಗೆ?

ಅಬೌಟ್ ಫೋನ್‌ಗೆ ಹೋಗಿ ಬಿಲ್ಡ್ ನಂಬರ್ ಮೇಲೆ ಏಳು ಸಲ ತಟ್ಟಿ. ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅದರಲ್ಲಿ ಓಇಎಂ ಅನ್‌ಲಾಕಿಂಗ್ ಮತ್ತು ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ. ಕಂಪ್ಯೂಟರಿನಿಂದ ‘ಎಡಿಬಿ ರೀಬೂಟ್ ಬೂಟ್‌ಲೋಡರ್’ ಕೊಟ್ಟು, ‘ಫಾಸ್ಟ್‌ಬೂಟ್ ಡಿವೈಸಸ್’ ಅಂದಾಗ ಫೋನಿನ ಸೀರಿಯಲ್ ಕಾಣಬೇಕು. ಕಾಣದಿದ್ದರೆ ಡ್ರೈವರ್ ತೊಂದರೆ, ಅಥವಾ ಕೇಬಲ್ ಬರೀ ಚಾರ್ಜಿಂಗಿನದ್ದು. ಕಂಡರೆ ‘ಫಾಸ್ಟ್‌ಬೂಟ್ ಫ್ಲ್ಯಾಷಿಂಗ್ ಅನ್‌ಲಾಕ್’. ಹಳೆಯ ಸೆಟ್ಟಿಗೆ ‘ಫಾಸ್ಟ್‌ಬೂಟ್ ಓಇಎಂ ಅನ್‌ಲಾಕ್’. ಫೋನಿನ ಪರದೆಯಲ್ಲಿ ವಾಲ್ಯೂಮ್ ಬಟನ್ನಿನಿಂದ ಒಪ್ಪಿಗೆ ಕೊಡಬೇಕು.

ಅನ್‌ಲಾಕ್ ಆಗುತ್ತಿದ್ದಂತೆ ಒಳಗಿನ ಎಲ್ಲ ಡೇಟಾ ಅಳಿಸಿಹೋಗುತ್ತದೆ. ಇದು ತಪ್ಪಲ್ಲ, ಕಳ್ಳರ ಕೈಗೆ ನಿಮ್ಮ ಫೋಟೋ ಸಿಗಬಾರದು ಅಂತ ಬೇಕೆಂದೇ ಹಾಗೆ ಮಾಡಿದ್ದಾರೆ. ಶಿಯೋಮಿಯವರು ಖಾತೆ ಜೋಡಿಸಿ 168 ಗಂಟೆ ಕಾಯಿಸುವುದುಂಟು, ಅಂದರೆ ಒಂದು ವಾರ. ಹುವಾವೇ 2018ರಲ್ಲಿ ಅನ್‌ಲಾಕ್ ಕೋಡ್ ಕೊಡುವುದನ್ನೇ ನಿಲ್ಲಿಸಿತು.

ರಿಕವರಿ ಹಾಕಿದೆ. ಮತ್ತೆ ಹಳೆಯದೇ ಬರುತ್ತಿದೆ, ಯಾಕೆ?

ಇದು ಬಹಳ ಜನ ಕೇಳುವ ಪ್ರಶ್ನೆ. ನೀವು ರಿಕವರಿ ಫ್ಲ್ಯಾಷ್ ಮಾಡಿ ಫೋನನ್ನು ಸೀದಾ ಆಂಡ್ರಾಯ್ಡಿಗೆ ಬಿಟ್ಟಿದ್ದೀರಿ. ಆಂಡ್ರಾಯ್ಡ್ ಏಳುವಾಗ ತನ್ನ ಹಳೆಯ ರಿಕವರಿಯನ್ನು ಮತ್ತೆ ಬರೆದುಕೊಳ್ಳುತ್ತದೆ. ಫ್ಲ್ಯಾಷ್ ಆದ ತಕ್ಷಣ ಬಟನ್ ಒತ್ತಿ ಹಿಡಿದು ನೇರ ರಿಕವರಿಗೇ ಹೋಗಿ, ಅಲ್ಲಿ ಕೇಳಿದಾಗ ಬದಲಾವಣೆಗೆ ಒಪ್ಪಿಗೆ ಕೊಡಿ.

ಸಾಧ್ಯವಿದ್ದರೆ ಮೊದಲು ಫ್ಲ್ಯಾಷ್ ಮಾಡಲೇಬೇಡಿ. ‘ಫಾಸ್ಟ್‌ಬೂಟ್ ಬೂಟ್’ ಅಂತ ಬರೆದು ಮುಂದೆ ರಿಕವರಿ ಫೈಲಿನ ಹೆಸರು ಕೊಟ್ಟರೆ, ಅದನ್ನು ಫೋನಿನಲ್ಲಿ ಬರೆಯದೆ ಒಮ್ಮೆ ಓಡಿಸಿ ತೋರಿಸುತ್ತದೆ. ಟಚ್ ಕೆಲಸ ಮಾಡುತ್ತಾ, ಪರದೆ ಸರಿ ಇದೆಯಾ ನೋಡಿಕೊಳ್ಳಿ. ಸರಿ ಇಲ್ಲದಿದ್ದರೆ ಪವರ್ ಬಟನ್ ಒತ್ತಿ ಹಿಡಿಯಿರಿ, ಏನೂ ನಷ್ಟವಿಲ್ಲ. ಸೀರೆ ಕೊಳ್ಳುವ ಮೊದಲು ಹೆಗಲ ಮೇಲೆ ಹಾಕಿ ನೋಡುವುದಿಲ್ಲವಾ, ಹಾಗೆ. ಕೆಲವು ಮೀಡಿಯಾಟೆಕ್ ಫೋನುಗಳು ಮಾತ್ರ ಈ ಕಮಾಂಡ್ ಒಪ್ಪುವುದಿಲ್ಲ.

ಕೆಲವು ಫೋನುಗಳಲ್ಲಿ ರಿಕವರಿಗೆಂದು ಬೇರೆ ಜಾಗವೇ ಇರುವುದಿಲ್ಲ. ಆಂಡ್ರಾಯ್ಡ್ 7ರ ಕಾಲದಲ್ಲಿ ಎ ಮತ್ತು ಬಿ ಅಂತ ಎರಡು ಸ್ಲಾಟ್ ಇರುವ ಪದ್ಧತಿ ಬಂತು. ಅಂಥವುಗಳಲ್ಲಿ ರಿಕವರಿ ಬೂಟ್ ಭಾಗದೊಳಗೇ ಕೂತಿರುತ್ತದೆ, ಇತ್ತೀಚಿನವುಗಳಲ್ಲಿ ವೆಂಡರ್ ಬೂಟ್‌ನಲ್ಲಿ. ಅಲ್ಲಿ ಹಳೆಯ ವಿಡಿಯೋ ನೋಡಿ ರಿಕವರಿ ಅಂತ ಫ್ಲ್ಯಾಷ್ ಮಾಡಿದರೆ ಅಂಥ ಭಾಗವೇ ಇಲ್ಲ ಅನ್ನುತ್ತದೆ. ಬೂಟ್‌ಗೆ ಹೊಡೆದರೆ, ಕರ್ನಲ್ ಕೂಡ ಅಲ್ಲೇ ಇರುವುದರಿಂದ, ಫೋನ್ ಏಳುವುದೇ ಇಲ್ಲದಿರಬಹುದು. ಇನ್ನು ವಿಬಿಮೆಟಾ. ಇದು ಉಳಿದ ಭಾಗಗಳು ಬದಲಾಗಿವೆಯಾ ಅಂತ ಕಾಯುವ ಕಾವಲುಗಾರ. ಪರಿಶೀಲನೆ ನಿಲ್ಲಿಸುವ ಎರಡು ಆಯ್ಕೆಗಳೊಂದಿಗೆ, ಅಂದರೆ ಡಿಸೇಬಲ್ ವೆರಿಟಿ, ಡಿಸೇಬಲ್ ವೆರಿಫಿಕೇಶನ್ ಸೇರಿಸಿ, ನಿಮ್ಮದೇ ವಿಬಿಮೆಟಾ ಫೈಲನ್ನು ಮತ್ತೆ ಬರೆಯಬೇಕು. ಈ ಫೈಲ್ ಎಲ್ಲಿಂದ ಬರುತ್ತದೆ? ಮೊದಲು ತೆಗೆದಿಟ್ಟ ಬ್ಯಾಕಪ್ಪಿನಿಂದ.

ನನ್ನ ಫೋನಿಗೆ ಯಾರೂ ರಿಕವರಿ ಮಾಡಿಯೇ ಇಲ್ಲ. ಬಾಗಿಲು ಮುಚ್ಚಿತಾ?

ಇಲ್ಲ. ಎರಡು ದಾರಿ ಇದೆ.

ಒಂದು, ನೀವೇ ಮಾಡುವುದು. ನಿಮ್ಮ ಬೂಟ್ ಅಥವಾ ರಿಕವರಿ ಫೈಲ್ ಕೊಟ್ಟರೆ ಟಿಡಬ್ಲ್ಯೂಆರ್‌ಪಿಗೆ ಬೇಕಾದ ಡಿವೈಸ್ ಟ್ರೀಯನ್ನು, ಅಂದರೆ ಆ ಫೋನಿನ ವಿವರ ಇರುವ ಫೈಲುಗಳನ್ನು, ತಾನೇ ಬರೆದುಕೊಡುವ ಸ್ಕ್ರಿಪ್ಟುಗಳಿವೆ. ಕಂಪನಿಯ ಕರ್ನಲ್ ಹಾಗೇ ಉಳಿಸಿಕೊಂಡು ಅದರ ಸುತ್ತ ರಿಕವರಿ ಕಟ್ಟುವುದು. ಮೊದಲ ಸಲ ಏಳುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ.

ಎರಡನೆಯದು ಸುಲಭ, ರಿಕವರಿಯೇ ಬೇಕಿಲ್ಲ. 2017ರಲ್ಲಿ ಆಂಡ್ರಾಯ್ಡ್ 8ರ ಜೊತೆ ಪ್ರಾಜೆಕ್ಟ್ ಟ್ರೆಬಲ್ ಬಂತು. ಚಿಪ್ಪಿಗೆ ಸಂಬಂಧಪಟ್ಟ ಸಾಫ್ಟ್‌ವೇರನ್ನು ವೆಂಡರ್ ಅನ್ನುವ ಬೇರೆ ಕೋಣೆಗೆ ಹಾಕಿ, ಆಂಡ್ರಾಯ್ಡನ್ನು ಬೇರೆ ಇಟ್ಟರು. ಇದರಿಂದ ಒಂದೇ ಸಿಸ್ಟಮ್ ಫೈಲ್ ಹಲವು ಕಂಪನಿಯ ಫೋನುಗಳಿಗೆ ಹೊಂದುವಂತಾಯಿತು. ಅದಕ್ಕೆ ಜಿಎಸ್‌ಐ ಅನ್ನುತ್ತಾರೆ. ನಮ್ಮಂಥ ಹೆಸರಿಲ್ಲದ ಫೋನಿನವರಿಗೆ ಇದಕ್ಕಿಂತ ದೊಡ್ಡ ಉಪಕಾರ ಆಗಿಲ್ಲ. ಟ್ರೆಬಲ್ ಇನ್ಫೋ ಅನ್ನುವ ಆ್ಯಪ್ ಹಾಕಿದರೆ ನಿಮ್ಮದಕ್ಕೆ ಹೊಂದುತ್ತಾ, ಹೊಂದಿದರೆ ಆರ್ಮ್ 64 ಬೇಕಾ, ಎ64 ಬೇಕಾ ಅಂತ ಹೇಳುತ್ತದೆ.

ಆಂಡ್ರಾಯ್ಡ್ 10 ಅಥವಾ ಮೇಲಿನದನ್ನು ಹಾಕಿಕೊಂಡೇ ಮಾರಾಟವಾದ ಫೋನಾದರೆ, ಅನ್‌ಲಾಕ್ ಮಾಡಿ, ವಿಬಿಮೆಟಾ ಬರೆದು, ‘ಫಾಸ್ಟ್‌ಬೂಟ್ ರೀಬೂಟ್ ಫಾಸ್ಟ್‌ಬೂಟ್’ ಕೊಡಿ. ಎರಡು ಸಲ ಫಾಸ್ಟ್‌ಬೂಟ್ ಇರುವುದು ಅಚ್ಚಿನ ತಪ್ಪಲ್ಲ. ಅದು ಫಾಸ್ಟ್‌ಬೂಟ್‌ಡಿ ಅನ್ನುವ ಬೇರೆ ಮೋಡಿಗೆ ಒಯ್ಯುತ್ತದೆ. ಅಲ್ಲಿ ಸಿಸ್ಟಮ್ ಫ್ಲ್ಯಾಷ್ ಮಾಡಿ. ಜಾಗ ಸಾಲದು ಅಂದರೆ ಪ್ರಾಡಕ್ಟ್ ಅನ್ನುವ ಭಾಗವನ್ನು ತೆಗೆದುಹಾಕಬೇಕಾಗುತ್ತದೆ. ಕೊನೆಗೆ ಯೂಸರ್‌ಡೇಟಾ ಅಳಿಸಿ. ಅಳಿಸದೆ ಬಿಟ್ಟರೆ ಲೋಗೋದಲ್ಲೇ ಸುತ್ತುತ್ತಿರುತ್ತದೆ.

ಜಿಎಸ್‌ಐ ಹಾಕಿದ ಮೇಲೆ ಕಾಲ್ ಹೋಗುತ್ತಿಲ್ಲ, ನೆಟ್ ಮಾತ್ರ ಬರುತ್ತಿದೆ.

ಜಿಯೋ ಸಿಮ್ ಅಲ್ವಾ? ಜಿಯೋದಲ್ಲಿ 2ಜಿ, 3ಜಿ ಇಲ್ಲ. ಮಾತಾಡುವುದೂ 4ಜಿ ಮೇಲೆ, ವೋಲ್ಟಿ ಮೂಲಕವೇ. ಜಿಎಸ್‌ಐನಲ್ಲಿ ವೋಲ್ಟಿಗೆ ಬೇಕಾದ ಐಎಂಎಸ್ ಭಾಗ ಸಾಮಾನ್ಯವಾಗಿ ಇರುವುದಿಲ್ಲ. ಏರ್‌ಟೆಲ್ ಸಿಮ್ ಹಾಕಿದರೆ ಕಾಲ್ 2ಜಿಗೆ ಇಳಿದು ಹೋಗುತ್ತದೆ, ಹಾಗಾಗಿ ಅವರಿಗೆ ತೊಂದರೆ ಗೊತ್ತೇ ಆಗುವುದಿಲ್ಲ. ಕೆಲವು ಜಿಎಸ್‌ಐಗಳ ಸೆಟ್ಟಿಂಗ್ಸ್ ಒಳಗೆ ಟ್ರೆಬಲ್ ಅಥವಾ ಪಿಎಚ್‌ಎಚ್ ಅಂತ ಒಂದು ಮೆನು ಇರುತ್ತದೆ. ಅದರಲ್ಲಿ ಐಎಂಎಸ್ ಆ್ಯಪ್ ಹಾಕಿಸಿಕೊಳ್ಳುವ ಆಯ್ಕೆ ಇದೆ. ಕೆಲವೊಮ್ಮೆ ಸರಿಹೋಗುತ್ತದೆ. ಆಗದಿದ್ದರೆ ಆ ಫೋನನ್ನು ಕಾಲಿಗೆ ನೆಚ್ಚಿಕೊಳ್ಳಬೇಡಿ.

ಫೋನ್‌ಪೇ, ಬ್ಯಾಂಕ್ ಆ್ಯಪ್ ನಡೆಯುತ್ತವಾ?

ಗ್ಯಾರಂಟಿ ಇಲ್ಲ. ಬೂಟ್‌ಲೋಡರ್ ಅನ್‌ಲಾಕ್ ಆಗಿದೆಯಾ, ಸಾಫ್ಟ್‌ವೇರ್ ಕಂಪನಿಯದ್ದೇನಾ ಅಂತ ಆ್ಯಪ್‌ಗಳು ಗೂಗಲ್‌ನ ಪ್ಲೇ ಇಂಟೆಗ್ರಿಟಿ ಮೂಲಕ ಕೇಳಬಹುದು. ಇವತ್ತು ನಡೆದದ್ದು ನಾಳೆಯ ಅಪ್‌ಡೇಟಿನಲ್ಲಿ ನಿಲ್ಲುತ್ತದೆ. ಮ್ಯಾಜಿಸ್ಕ್ ಅನ್ನುವ ಟೂಲ್ ಹಾಕಿ ಅದನ್ನು ಮುಚ್ಚಿಡುವ ಆಟಗಳು ಇವೆ. ಆದರೆ ಪಿಂಚಣಿ, ಸಂಬಳ, ಹತ್ತಿ ಮಾರಿದ ದುಡ್ಡು ಬರುವ ಖಾತೆಯ ಮೇಲೆ ಆ ಆಟ ನಾನು ಆಡುವುದಿಲ್ಲ, ಆಡಿಸುವುದೂ ಇಲ್ಲ. ಹಣದ ಫೋನ್ ಬೇರೆ, ಆಟದ ಫೋನ್ ಬೇರೆ ಇರಲಿ. ಸಿನಿಮಾ ಆ್ಯಪ್‌ಗಳೂ ಕಾಪಿ ತಡೆಯುವ ವೈಡ್‌ವೈನ್ ಭದ್ರತೆ ಎಲ್1 ಹೋಗಿ ಎಲ್3 ಆದರೆ ಮಸುಕು ಚಿತ್ರ ತೋರಿಸುತ್ತವೆ.

ಗೂಗಲ್ ಪ್ಲೇ ಸ್ಟೋರ್ ಕಾಣುತ್ತಿಲ್ಲ.

ಲಿನಿಯೇಜ್ ಥರದ ರಾಮ್‌ನಲ್ಲಿ ಅದು ಬರುವುದಿಲ್ಲ, ಬೇರೆ ಹಾಕಬೇಕು. ಮೈಂಡ್‌ದಗ್ಯಾಪ್ಸ್, ನಿಕ್‌ಗ್ಯಾಪ್ಸ್ ಅಂತ ಇವೆ. ಆಂಡ್ರಾಯ್ಡ್ ಆವೃತ್ತಿ ಮತ್ತು 32 ಬಿಟ್, 64 ಬಿಟ್ ಹೊಂದಬೇಕು. ರಾಮ್ ಹಾಕಿದ ಕೂಡಲೇ, ಒಮ್ಮೆಯೂ ಆನ್ ಮಾಡುವ ಮೊದಲು ಹಾಕಿ.

‘ಲೋಗೋದಾಗ ನಿಂತೈತ್ರಿ’, ‘ಡೆಡ್ ಆಗೇತ್ರಿ’: ಎರಡೂ ಒಂದೇನಾ?

ಬೇರೆ ಬೇರೆ. ಲೋಗೋ ಕಾಣುತ್ತಿದೆ ಅಂದರೆ ಜೀವ ಇದೆ. ಮೊದಲ ಸಲ ಹತ್ತು ಹದಿನೈದು ನಿಮಿಷ ಹಿಡಿಯಬಹುದು, ಸುಮ್ನೆ ಬಿಡಿ. ಆಮೇಲೂ ನಿಂತಿದ್ದರೆ ರಿಕವರಿಗೆ ಹೋಗಿ ಫಾರ್ಮ್ಯಾಟ್ ಡೇಟಾ ಕೊಡಿ. ಬರೀ ವೈಪ್ ಅಲ್ಲ, ‘ಯೆಸ್’ ಅಂತ ಟೈಪ್ ಮಾಡಿಸುವ ಫಾರ್ಮ್ಯಾಟ್. ಹಳೆಯ ಎನ್‌ಕ್ರಿಪ್ಷನ್ ಉಳಿದು ತೊಂದರೆ ಕೊಡುವುದೇ ಜಾಸ್ತಿ.

ಕರಿ ಪರದೆ, ಚಾರ್ಜ್ ಚಿಹ್ನೆಯೂ ಇಲ್ಲ ಅಂದರೆ ಕಂಪ್ಯೂಟರಿಗೆ ಚುಚ್ಚಿ ಡಿವೈಸ್ ಮ್ಯಾನೇಜರ್ ನೋಡಿ. ಮೀಡಿಯಾಟೆಕ್ ಪೋರ್ಟ್ ಅಂತ ಎರಡು ಸೆಕೆಂಡ್ ಬಂದು ಹೋದರೂ ಸಾಕು, ಫೋನ್ ಉಳಿಯುತ್ತದೆ. ಬಿರಾಮ್ ಚಿಪ್ಪಿನೊಳಗೇ ಕೆತ್ತಿರುವಂಥದ್ದು, ಅದನ್ನು ಯಾವ ತಪ್ಪು ಫೈಲೂ ಅಳಿಸಲಾರದು. ಏನೂ ಬರದಿದ್ದರೆ ಹಿಂದೆ ಬಿಚ್ಚಿ ಬ್ಯಾಟರಿ ನೋಡಿ. ಎಷ್ಟೋ ಡೆಡ್ ಸೆಟ್ಟುಗಳ ರೋಗ ಬ್ಯಾಟರಿ ಅಥವಾ ಚಾರ್ಜಿಂಗ್ ಪಿನ್. ಬ್ಯಾಟರಿ ಉಬ್ಬಿದ್ದರೆ ಫ್ಲ್ಯಾಷ್ ಮಾತೇ ಬೇಡ. ನಮ್ಮೂರ ಏಪ್ರಿಲ್ ಬಿಸಿಲಿಗೆ ಟಿನ್ ಶೀಟಿನ ಮನೆಯಲ್ಲಿಟ್ಟ ಟ್ಯಾಬುಗಳು ಹಪ್ಪಳದ ಹಾಗೆ ಉಬ್ಬಿರುತ್ತವೆ.

ಐಎಂಇಐ ಹೋಗಿದೆ. ಬೇರೆ ನಂಬರ್ ಹಾಕಿಕೊಡುತ್ತೀರಾ?

ಇಲ್ಲ. ಐಎಂಇಐ ತಿದ್ದುವುದು ಅಪರಾಧ. 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಮೂರು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ನಿಮ್ಮದೇ ಫೋನಿನ ಎನ್‌ವಿರ‍್ಯಾಮ್ ಬ್ಯಾಕಪ್ ಇದ್ದರೆ ವಾಪಸ್ ಹಾಕುತ್ತೇನೆ. ಇಲ್ಲದಿದ್ದರೆ ಬಿಲ್ ಹಿಡಿದು ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ. ಈಗಲೇ *#06# ಒತ್ತಿ ನಂಬರ್ ಬರೆದಿಟ್ಟುಕೊಳ್ಳಿ. ಫೋನ್ ಕಳೆದರೆ ಸರ್ಕಾರದ ಸಂಚಾರ ಸಾಥಿ ಪೋರ್ಟಲ್ಲಿನಲ್ಲಿ ಬ್ಲಾಕ್ ಮಾಡಿಸಲೂ ಅದೇ ಬೇಕು.

ಕಂತಿನ ಫೋನ್, ಅಂಗನವಾಡಿ ಫೋನ್, ಗೂಗಲ್ ಲಾಕ್ ಬಿದ್ದ ಫೋನ್?

ಕಂತು ಕಟ್ಟದೆ ಲಾಕ್ ಬಿದ್ದದ್ದಕ್ಕೆ ರಾಮ್ ಹಾಕಿ ಬಿಡಿಸಿಕೊಡಿ ಅಂತ ವಾರಕ್ಕೊಬ್ಬರಾದರೂ ಬರುತ್ತಾರೆ. ಕಂತು ಕಟ್ಟಿ, ಅಷ್ಟೇ. ಅಂಗನವಾಡಿ ಅಕ್ಕಂದಿರಿಗೆ ಕೊಟ್ಟ ಫೋನು ಸರ್ಕಾರದ ಸೊತ್ತು, ಅದರಲ್ಲಿ ಇಲಾಖೆಯ ಲೆಕ್ಕ ಇರುತ್ತದೆ. ಹ್ಯಾಂಗ್ ಆಗುತ್ತಿದ್ದರೆ ಸೂಪರ್‌ವೈಸರ್ ಮೇಡಂಗೆ ಬರೆದು ಕೊಡಿ ಅಕ್ಕ, ನನ್ನ ಹತ್ತಿರ ಬೇಡ. ಗೂಗಲ್ ಲಾಕ್ ಬಿದ್ದದ್ದಕ್ಕೆ ಹಳೆಯ ಜಿಮೇಲ್ ನೆನಪು ಮಾಡಿಕೊಳ್ಳಿ. ಬಿಲ್ ಇಲ್ಲದೆ ಬಂದ ಫೋನ್ ನಾನು ಮುಟ್ಟುವುದಿಲ್ಲ.

ಜಿಯೋ ಕೀಪ್ಯಾಡ್ ಫೋನಿಗೆ ಆಂಡ್ರಾಯ್ಡ್ ಹಾಕಬಹುದಾ?

2017ರ ಜಿಯೋಫೋನಿನಲ್ಲಿರುವುದು ಕಾಯ್ ಓಎಸ್ ಅನ್ನುವ ಬೇರೆ ಸಾಫ್ಟ್‌ವೇರ್. ಅದು ಇರುವ ಕೆಲಸಕ್ಕೆ ಚೆನ್ನಾಗಿದೆ, ಬಿಡಿ.

ಹೊಸ ರಾಮ್‌ನಲ್ಲಿ ಕನ್ನಡ ಸರಿಯಾಗಿ ಬರುತ್ತಾ?

ಬರುತ್ತದೆ, ಮೆನು ಸಮೇತ. ಈ ಪ್ರಶ್ನೆ ಕೇಳಿದರೆ ನನಗೆ ಮಾತ್ರ ಹಳೆಯದು ನೆನಪಾಗುತ್ತದೆ. ನಾನು ರೂಟ್ (ಸಿಸ್ಟಮ್ ಒಳಗೆ ಕೈ ಹಾಕುವ ಪೂರ್ತಿ ಅಧಿಕಾರ), ರಿಕವರಿ ಅಂತ ಕಲಿತದ್ದೇ ಕನ್ನಡ ಅಕ್ಷರಕ್ಕಾಗಿ. ಆಂಡ್ರಾಯ್ಡ್ 2.3 ಇದ್ದ ನನ್ನ ಮೊದಲ ಫೋನಿನಲ್ಲಿ ಕನ್ನಡ ಅಂದರೆ ಬರೀ ಚೌಕ ಡಬ್ಬಿಗಳು. ರೂಟ್ ಮಾಡಿ, ಸಿಸ್ಟಮ್ ಒಳಗಿನ ಡ್ರಾಯ್ಡ್‌ಸಾನ್ಸ್‌ಫಾಲ್‌ಬ್ಯಾಕ್ ಫಾಂಟ್ ತೆಗೆದು ಕನ್ನಡ ಇರುವುದನ್ನು ಹಾಕಿದೆವು. ಡಬ್ಬಿ ಹೋಯಿತು, ಆದರೆ ಒತ್ತಕ್ಷರ ಕೂಡುತ್ತಿರಲಿಲ್ಲ. ‘ಅಕ್ಕ’ ಅನ್ನುವುದು ಅ, ಕ, ಹಲಂತದ ಗುರುತೊಂದು, ಮತ್ತೆ ಕ ಅಂತ ಸಾಲಾಗಿ ನಿಲ್ಲುತ್ತಿತ್ತು. ಆದರೂ ಓದಿದೆವು. 2012ರಲ್ಲಿ ಆಂಡ್ರಾಯ್ಡ್ 4.1 ಬಂದಾಗ ಗೂಗಲ್‌ನವರೇ ಕನ್ನಡ, ತೆಲುಗು, ಮಲಯಾಳಂ ಸೇರಿಸಿದರು. ನನ್ನ ಫೋನಿಗೆ ಆ ಅಪ್‌ಡೇಟ್ ಬರಲಿಲ್ಲ. ಕಸ್ಟಮ್ ರಾಮ್ ಮೊದಲ ಸಲ ಹಾಕಿದ್ದು ಆವಾಗ. ಅವ್ವ ಎಂದು ಟೈಪ್ ಮಾಡಿ, ವಕಾರದ ಕೆಳಗೆ ವತ್ತು ಸರಿಯಾಗಿ ಕೂತದ್ದನ್ನು ನೋಡಿ ಮನೆಯವರಿಗೆಲ್ಲ ತೋರಿಸಿದ್ದೆ.

ಕರೆಂಟ್ ಹೋದರೆ ಏನಾಗುತ್ತದೆ?

ಬರೆಯುವ ಮಧ್ಯೆ ಕೇಬಲ್ ಕಡಿದರೆ, ಕಂಪ್ಯೂಟರ್ ಆರಿದರೆ, ಅರ್ಧಂಬರ್ಧ ಬರೆದ ಫೋನ್ ಕೈಗೆ ಬರುತ್ತದೆ. ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿ ನಮ್ಮ ಊರಿಂದ ಹತ್ತಿರವೇ, ಆದರೂ ಮಳೆ ಹನಿ ಬಿದ್ದರೆ ಮನೆಯಲ್ಲಿ ಕತ್ತಲೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಮಾಡಬೇಡಿ, ಚಾರ್ಜ್ ಇರುವ ಲ್ಯಾಪ್‌ಟಾಪ್ ತಗೊಳ್ಳಿ. ಫೋನಿನಲ್ಲೂ ಅರ್ಧಕ್ಕಿಂತ ಜಾಸ್ತಿ ಚಾರ್ಜ್ ಇರಲಿ. ಕೇಬಲ್ ಗಿಡ್ಡದು, ಗಟ್ಟಿಯಾದದ್ದು. ಮಕ್ಕಳು, ಬೆಕ್ಕು ಓಡಾಡದ ಜಾಗ.

ನೀವೇ ಮಾಡಿಕೊಡುತ್ತೀರಾ?

ನೋಡಿ ಹೇಳುತ್ತೇನೆ. ಬರುವಾಗ ಬಿಲ್, ಫೋನಿನ ಜೊತೆ ಬಂದ ಕೇಬಲ್, ಒಂದು ಖಾಲಿ ಪೆನ್‌ಡ್ರೈವ್ ತನ್ನಿ. ಓದಿಕೊಂಡ ಬ್ಯಾಕಪ್ಪನ್ನು ಅದರಲ್ಲೇ ಹಾಕಿ ನಿಮಗೆ ಕೊಡುತ್ತೇನೆ, ಕೆಲಸ ಆದರೂ ಆಗದಿದ್ದರೂ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬರಬೇಡಿ. ಬೇಸಿಗೆಯಲ್ಲಿ ಆ ಹೊತ್ತಿಗೆ ಶಟರ್ ಎಳೆದಿರುತ್ತೇನೆ.